ಗೇಟ್ ಕಾಣದ ರಸ್ತೆಗೂ ಸುಂಕವಿದೆ: ಮ್ಯೂನಿಕ್‌ನಿಂದ ಮಿಲಾನ್‌ವರೆಗೆ ಟೋಲ್ ಕಟ್ಟುವ ಬಗೆ

ಪ್ರಶ್ನೆ: ನಾವು ಶಿವಮೊಗ್ಗದವರು. ಬರುವ ಬೇಸಿಗೆಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಕಾರು ಬಾಡಿಗೆಗೆ ಪಡೆದು ಇನ್ಸ್‌ಬ್ರುಕ್, ಬ್ರೆನ್ನರ್ ಘಾಟಿಯ ಮೂಲಕ ವೆರೋನಾ ಮತ್ತು ಮಿಲಾನ್ ನೋಡಿ, ಸ್ವಿಟ್ಜರ್ಲೆಂಡ್ ಹಾದು ಎಂಟು ದಿನಗಳಲ್ಲಿ ಮ್ಯೂನಿಕ್‌ಗೆ ಮರಳುವ ಯೋಚನೆ ಇದೆ. ನಾನು ಮತ್ತು ನನ್ನ ತಮ್ಮ ಸರದಿಯಲ್ಲಿ ಓಡಿಸುತ್ತೇವೆ. ಇಬ್ಬರಿಗೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದೆ. ನಮ್ಮ ಫಾಸ್ಟ್‌ಟ್ಯಾಗ್‌ನಂತೆ ಎಲ್ಲ ಕಡೆ ನಡೆಯುವ ಒಂದೇ ಟ್ಯಾಗ್ ಅಲ್ಲಿ ಸಿಗುತ್ತದೆಯೇ? ಟೋಲ್ ಅನ್ನು ಭಾರತದಿಂದಲೇ ಮುಂಗಡವಾಗಿ ಕಟ್ಟಬಹುದೇ? ಎಲ್ಲಾದರೂ ಕಟ್ಟುವುದು ತಪ್ಪಿಹೋದರೆ ಏನಾಗುತ್ತದೆ?

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ‘ಇಲ್ಲ’ ಎಂದೇ ಆಗಿದೆ. ಆದರೆ ಅದರಿಂದ ಚಿಂತೆಪಡುವ ಅಗತ್ಯವಿಲ್ಲ. ನೀವು ಹೇಳಿರುವ ದಾರಿಯಲ್ಲಿ ನಾಲ್ಕು ದೇಶಗಳಿದ್ದು, ನಾಲ್ಕರಲ್ಲಿಯೂ ಪದ್ಧತಿ ಬೇರೆ ಬೇರೆ. ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಸುಂಕವೇ ಇಲ್ಲ. ಆಸ್ಟ್ರಿಯಾದಲ್ಲಿ ನಿಗದಿತ ದಿನಗಳಿಗೆ ಮೊದಲೇ ಪಾಸ್ ಕೊಳ್ಳಬೇಕು, ಅದರ ಮೇಲೆ ಬ್ರೆನ್ನರ್ ಘಾಟಿಗೆ ಪ್ರತ್ಯೇಕವಾಗಿ ತೆರಬೇಕು. ಇಟಲಿಯಲ್ಲಿ ಓಡಿಸಿದ ದೂರಕ್ಕೆ ತಕ್ಕಂತೆ ಗೇಟಿನಲ್ಲಿ ಹಣ ಕೊಡಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಒಂದೇ ದಿನ ಓಡಿಸಿದರೂ ಇಡೀ ವರ್ಷದ ಪಾಸ್ ಕೊಳ್ಳಬೇಕು. ಕರ್ನಾಟಕದಿಂದ ಬಂದವರು ಎಡವುವುದನ್ನು ನಾನು ಹೆಚ್ಚಾಗಿ ಕಂಡಿರುವುದು ದುಬಾರಿ ಗೇಟುಗಳಲ್ಲಿ ಅಲ್ಲ, ಗೇಟೇ ಇಲ್ಲದ ರಸ್ತೆಗಳಲ್ಲಿ. ನಮ್ಮಲ್ಲಿ ಟೋಲ್ ಎಂದರೆ ಕಣ್ಣೆದುರು ನಿಲ್ಲುವ ಕಟ್ಟೆ. ಕಟ್ಟೆ ಕಾಣಲಿಲ್ಲವೆಂದರೆ ಕೊಡುವುದೇನೂ ಇಲ್ಲ ಎಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ. ಯೂರೋಪಿನಲ್ಲಿ ಮೊದಲು ಬಿಡಬೇಕಾದ ಅಭ್ಯಾಸ ಅದು.

ಫಾಸ್ಟ್‌ಟ್ಯಾಗ್ ಜೊತೆಗಿನ ಹೋಲಿಕೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2021ರ ಫೆಬ್ರುವರಿಯಿಂದ ನಮ್ಮ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅದು ಕಡ್ಡಾಯವಾದ ಮೇಲೆ, ಕಾರಿನ ಮುಂಗಾಜಿಗೆ ಅಂಟಿಸಿದ ಒಂದು ಚೀಟಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸಾಕಾಗುತ್ತದೆ. ಯೂರೋಪಿನಲ್ಲಿ ಹಾಗೆ ಹಲವು ದೇಶಗಳಲ್ಲಿ ನಡೆಯುವ ಉಪಕರಣಗಳು ಇಲ್ಲವೆಂದಲ್ಲ. ಇಟಲಿ, ಫ್ರಾನ್ಸ್, ಸ್ಪೇನ್‌ಗಳ ಗೇಟುಗಳಲ್ಲಿ ಕೆಲಸ ಮಾಡುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಆದರೆ ಅವು ಚಂದಾ ಕಟ್ಟಿ ಪಡೆಯುವಂಥವು, ಅಲ್ಲಿಯೇ ನೆಲೆಸಿ ಪದೇ ಪದೇ ಪ್ರಯಾಣಿಸುವವರಿಗಾಗಿ ಮಾಡಿದವು. ಎಂಟು ದಿನಗಳ ಪ್ರವಾಸಕ್ಕೆ ಅದರ ಹಿಂದೆ ಬೀಳುವುದು ಬೇಡ. ನಿಮ್ಮ ದಾರಿಯಲ್ಲಿ ಟ್ಯಾಗ್‌ನ ಕೆಲಸವನ್ನು ಬಹುಮಟ್ಟಿಗೆ ಕಾರಿನ ನಂಬರ್ ಪ್ಲೇಟೇ ಮಾಡುತ್ತದೆ.

ಭಾರತದಿಂದಲೇ ಮುಂಗಡ ಕಟ್ಟಲಾಗದು ಎಂದದ್ದಕ್ಕೂ ಕಾರಣ ಅದೇ. ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳ ಪಾಸನ್ನು ವಿನ್ಯೆಟ್ ಎನ್ನುತ್ತಾರೆ. ಹಿಂದೆ ಅದು ಗಾಜಿಗೆ ಅಂಟಿಸುವ ಸ್ಟಿಕರ್ ಮಾತ್ರವೇ ಆಗಿತ್ತು. ಈಗ ಡಿಜಿಟಲ್ ರೂಪದಲ್ಲಿಯೂ ಸಿಗುತ್ತದೆ, ಮತ್ತು ಆ ಡಿಜಿಟಲ್ ಪಾಸು ನಂಬರ್ ಪ್ಲೇಟಿನ ಹೆಸರಿನಲ್ಲಿ ದಾಖಲಾಗುತ್ತದೆ. ಬಾಡಿಗೆ ಕಾರಿನ ನಂಬರ್ ನಿಮಗೆ ತಿಳಿಯುವುದು ಕೀಲಿ ಕೈಗೆ ಬಂದಾಗ. ಆದ್ದರಿಂದ ಶಿವಮೊಗ್ಗದಲ್ಲಿ ಕುಳಿತು ಕೊಳ್ಳಲು ನಿಮ್ಮ ಬಳಿ ನಂಬರೇ ಇರುವುದಿಲ್ಲ. ಮ್ಯೂನಿಕ್‌ನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಮುಂದೆ ನಿಂತು, ಪ್ಲೇಟನ್ನು ನೋಡುತ್ತಲೇ ಫೋನಿನಲ್ಲಿ ಕೊಳ್ಳುವುದು ಸರಿಯಾದ ಕ್ರಮ.

ಆದರೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಇದನ್ನು ಬಾಡಿಗೆ ಕಂಪನಿಯವರು ತಾವಾಗಿ ಹೇಳುವುದು ಅಪರೂಪ. ಅದೇ ಕಾರನ್ನು ನಿಮಗಿಂತ ಮುಂಚೆ ಪಡೆದವರು ಪಾಸ್ ಕೊಂಡಿದ್ದರೆ ಅದು ಆ ನಂಬರಿಗೆ ಇನ್ನೂ ಚಾಲ್ತಿಯಲ್ಲಿರಬಹುದು. ಆಸ್ಟ್ರಿಯಾದ ಹೆದ್ದಾರಿ ಸಂಸ್ಥೆಯಾದ ಆಸ್‌ಫಿನಾಗ್‌ನ ಜಾಲತಾಣದಲ್ಲಿ ನಂಬರ್ ಪ್ಲೇಟ್ ನಮೂದಿಸಿ ಪಾಸ್ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಸ್ವಿಸ್ ಸರ್ಕಾರದ ವಿಯಾ ಪೋರ್ಟಲ್‌ನಲ್ಲಿಯೂ ಅಂಥ ಸೌಲಭ್ಯವಿದೆ. ಸ್ವಿಸ್ ಪಾಸು ವರ್ಷದ್ದಾಗಿರುವುದರಿಂದ, ಬೇಸಿಗೆಯ ಹೊತ್ತಿಗೆ ಮ್ಯೂನಿಕ್‌ನ ಬಾಡಿಗೆ ಕಾರೊಂದಕ್ಕೆ ಅದು ಆಗಲೇ ಇರುವ ಸಂಭವ ಸಣ್ಣದಲ್ಲ. ಮುಂಗಾಜಿನ ಮೇಲೆ ಆ ವರ್ಷದ ಸ್ಟಿಕರ್ ಇದೆಯೇ ಎಂಬುದನ್ನೂ ಕಣ್ಣಾಡಿಸಿ ನೋಡಿ. ಎರಡು ನಿಮಿಷದ ಈ ತಪಾಸಣೆಯಿಂದ 40 ಫ್ರಾಂಕ್ ಉಳಿಯಬಹುದು.

ಪಾಸ್ ಕೊಳ್ಳುವಾಗ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಮೊದಲನೆಯದು, ಹುಡುಕಿದ ತಕ್ಷಣ ಮೇಲ್ಗಡೆ ಕಾಣುವ ತಾಣಗಳಲ್ಲಿ ಹಲವು ಮಧ್ಯವರ್ತಿಗಳವು. ಸರ್ಕಾರಿ ತಾಣದಂತೆಯೇ ಕಾಣುವ ಅವು ಮೂಲಬೆಲೆಯ ಮೇಲೆ ಸೇವಾಶುಲ್ಕ ಹೇರುತ್ತವೆ. ಆಸ್ಟ್ರಿಯಾಕ್ಕೆ ಆಸ್‌ಫಿನಾಗ್, ಸ್ವಿಟ್ಜರ್ಲೆಂಡ್‌ಗೆ ವಿಯಾ ಪೋರ್ಟಲ್, ಇವೆರಡನ್ನು ಬಿಟ್ಟು ಬೇರೆಡೆ ಕಾರ್ಡ್ ನಂಬರ್ ಕೊಡಬೇಡಿ. ಎರಡನೆಯದು, ಪ್ಲೇಟಿನ ಅಕ್ಷರಗಳು. ಮ್ಯೂನಿಕ್‌ನ ಪ್ಲೇಟ್ ‘ಎಂ’ ಅಕ್ಷರದಿಂದ ಆರಂಭವಾಗಿ, ಒಂದೆರಡು ಅಕ್ಷರಗಳ ನಂತರ ಅಂಕಿಗಳಾಗಿ ಸಾಗುತ್ತದೆ. ಅಲ್ಲಿ ‘ಓ’ ಅಕ್ಷರವನ್ನು ಸೊನ್ನೆಯೆಂದು ನಮೂದಿಸುವುದು, ಕಾರು ನೋಂದಣಿಯಾದ ದೇಶ ಎಂಬಲ್ಲಿ ಜರ್ಮನಿಯ ಬದಲು ಆಸ್ಟ್ರಿಯಾವನ್ನೇ ಬಿಟ್ಟುಬಿಡುವುದು, ಈ ಎರಡು ತಪ್ಪುಗಳಿಂದ ಹಣ ಕೊಟ್ಟವರೂ ದಂಡ ತೆರಬೇಕಾದ ಪ್ರಸಂಗ ಬರುತ್ತದೆ. ಏಕೆಂದರೆ ಕ್ಯಾಮೆರಾ ಓದುವುದು ಪ್ಲೇಟನ್ನು, ನಿಮ್ಮ ರಸೀದಿಯನ್ನಲ್ಲ. ಒಬ್ಬರು ಪ್ಲೇಟನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಫೋನಿನಲ್ಲಿ ಮೂಡಿದ್ದನ್ನು ಹೋಲಿಸಿ ನೋಡಲಿ. ನೀವು ಸಹೋದರರಿಬ್ಬರು ಇದ್ದೀರಿ, ಇದು ಸುಲಭ.

ಈಗ ದಾರಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಜರ್ಮನಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲ್ಲಿ ಕಾರುಗಳಿಗೂ ಸುಂಕ ಹಾಕುವ ಯೋಜನೆಯೊಂದು ಸಿದ್ಧವಾಗಿತ್ತಾದರೂ, ಅದರ ಭಾರ ವಾಸ್ತವದಲ್ಲಿ ವಿದೇಶಿ ಚಾಲಕರ ಮೇಲೆ ಮಾತ್ರ ಬೀಳುತ್ತದೆ ಎಂದು ಆಸ್ಟ್ರಿಯಾ ಹೂಡಿದ ದಾವೆಯಲ್ಲಿ 2019ರ ಜೂನ್‌ನಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಿಮ್ಮ ದಾರಿಯಲ್ಲಿ ಗಡಿಯವರೆಗೆ ಏನನ್ನೂ ಕೊಡಬೇಕಿಲ್ಲ.

ಕುಫ್‌ಸ್ಟೈನ್ ಬಳಿ ನೀವು ಆಸ್ಟ್ರಿಯಾ ಪ್ರವೇಶಿಸುತ್ತೀರಿ. ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣದ ತಿರುವಿನವರೆಗಿನ ತುಸು ದೂರಕ್ಕೆ 2019ರ ಡಿಸೆಂಬರ್‌ನಿಂದ ವಿನಾಯಿತಿ ಇದೆ. ಅದನ್ನು ದಾಟಿ ಎ12 ಹೆದ್ದಾರಿಯಲ್ಲಿ ಇನ್ಸ್‌ಬ್ರುಕ್‌ಗೆ ಹೋಗಲು ವಿನ್ಯೆಟ್ ಬೇಕೇಬೇಕು. 2025ರಲ್ಲಿ ಒಂದು ದಿನದ ಪಾಸಿಗೆ 9.30 ಯೂರೋ, ಹತ್ತು ದಿನಗಳದ್ದಕ್ಕೆ 12.40 ಯೂರೋ ಇತ್ತು. ಪ್ರತಿವರ್ಷ ಸ್ವಲ್ಪ ಏರುತ್ತದೆ. ನೀವು ಈ ಭಾಗದಲ್ಲಿ ಹೋಗುವುದು ಒಂದೇ ದಿನವಾದ್ದರಿಂದ ಲೆಕ್ಕದ ಪ್ರಕಾರ ಒಂದು ದಿನದ ಪಾಸು ಸಾಕು. ಆದರೂ ಹತ್ತು ದಿನಗಳದ್ದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಒಂದು ದಿನದ್ದು ಅಂದಿನ ಮಧ್ಯರಾತ್ರಿಗೆ ಮುಗಿದುಹೋಗುತ್ತದೆ. ಹೊರಡುವುದು ಮರುದಿನಕ್ಕೆ ಜಾರಿದರೆ, ಇಲ್ಲವೇ ಇನ್ಸ್‌ಬ್ರುಕ್ ಚೆನ್ನಾಗಿದೆ, ಒಂದು ರಾತ್ರಿ ಉಳಿಯೋಣ ಎಂದು ಮನೆಯವರು ಹೇಳಿದರೆ, ಮೂರು ಯೂರೋ ಉಳಿಸಿದ್ದಕ್ಕೆ ದಿನವಿಡೀ ತಲೆಬಿಸಿ. ಇವೆರಡೂ ಕೊಂಡ ಕ್ಷಣದಿಂದಲೇ ಚಾಲ್ತಿಗೆ ಬರುತ್ತವೆ. ಎರಡು ತಿಂಗಳ ಮತ್ತು ವಾರ್ಷಿಕ ಪಾಸುಗಳನ್ನು ಜಾಲತಾಣದಲ್ಲಿ ಕೊಂಡವರು, ಗ್ರಾಹಕರಿಗಿರುವ ವಾಪಸಾತಿ ಹಕ್ಕಿನ ಕಾರಣದಿಂದ, ಹದಿನೆಂಟು ದಿನ ಕಾಯಬೇಕಾಗುತ್ತದೆ. ನಿಮಗೆ ಅವು ಬೇಕಿಲ್ಲ.

ಇನ್ಸ್‌ಬ್ರುಕ್ ದಾಟಿ ಎ13 ಹಿಡಿದ ಮೇಲೆ ಕಥೆ ಬದಲಾಗುತ್ತದೆ. ಈ ಘಾಟಿ ರಸ್ತೆಗೆ ವಿನ್ಯೆಟ್ ನಡೆಯುವುದಿಲ್ಲ. ಇದಕ್ಕೆ ಪ್ರತ್ಯೇಕ ಸುಂಕ, ಸುಮಾರು 12 ಯೂರೋ. ಕಣಿವೆಯ ಮೇಲೆ 190 ಮೀಟರ್ ಎತ್ತರದಲ್ಲಿ ಹಾದುಹೋಗುವ ಯೂರೋಪಾ ಸೇತುವೆಯನ್ನು ದಾಟಿದೊಡನೆ ಶೋನ್‌ಬರ್ಗ್‌ನಲ್ಲಿ ಸುಂಕದ ಕಟ್ಟೆ ಎದುರಾಗುತ್ತದೆ. ಅಲ್ಲಿ ನಗದು, ಕಾರ್ಡ್ ಎರಡೂ ನಡೆಯುತ್ತವೆ. ಮೊದಲೇ ಆಸ್‌ಫಿನಾಗ್ ತಾಣದಲ್ಲಿ ಕಟ್ಟಿದ್ದರೆ, ಕ್ಯಾಮೆರಾ ಪ್ಲೇಟನ್ನು ಓದುವ ಸಾಲಿನಲ್ಲಿ ನಿಲ್ಲದೆ ಸಾಗಬಹುದು. ವಿನ್ಯೆಟ್ ಕೊಳ್ಳುವಾಗಲೇ ಇದನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇಸಿಗೆಯ ಶನಿವಾರಗಳಲ್ಲಿ ಇಲ್ಲಿ ಸಾಲು ಉದ್ದವಿರುತ್ತದೆ.

ಕೆಲವರು ಈ ಖರ್ಚು ತಪ್ಪಿಸಲು ದಾರಿ ತೋರಿಸುವ ಆ್ಯಪ್‌ನಲ್ಲಿ ‘ಟೋಲ್ ಬೇಡ’ ಎಂಬ ಆಯ್ಕೆ ಒತ್ತುತ್ತಾರೆ. ಟಿರೋಲ್ ಪ್ರಾಂತ್ಯದಲ್ಲಿ ಅದನ್ನು ಮಾಡಬೇಡಿ. ಹಾಗೆ ಇಳಿದ ಕಾರುಗಳಿಂದ ಕಣಿವೆಯ ಹಳ್ಳಿಗಳ ರಸ್ತೆಗಳೆಲ್ಲ ಕಿಕ್ಕಿರಿದು, ಆಂಬುಲೆನ್ಸ್ ಕೂಡ ಹೋಗಲಾರದ ಸ್ಥಿತಿ ಬಂದಿತ್ತು. ಅದಕ್ಕಾಗಿ 2019ರಿಂದ ಪ್ರವಾಸದ ಕಾಲದ ವಾರಾಂತ್ಯಗಳಲ್ಲಿ ಇನ್ಸ್‌ಬ್ರುಕ್ ಸುತ್ತಮುತ್ತ ಹೆದ್ದಾರಿಯಿಂದ ಇಳಿದು ಒಳರಸ್ತೆಗಳಲ್ಲಿ ಹಾದುಹೋಗುವುದನ್ನೇ ನಿಷೇಧಿಸಿದ್ದಾರೆ; ಪೊಲೀಸರು ಕಾರನ್ನು ಹಿಂದಕ್ಕೆ ಹೆದ್ದಾರಿಗೇ ಕಳುಹಿಸುತ್ತಾರೆ.

ಇಟಲಿಯ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಡಿ ದಾಟಿ ಎ22ರಲ್ಲಿ ಹತ್ತಾರು ಕಿಲೋಮೀಟರ್ ಇಳಿದರೆ ವಿಪಿತೇನೊ ಬರುತ್ತದೆ. ಅಲ್ಲಿನವರು ಜರ್ಮನ್ ಭಾಷೆಯನ್ನೂ ಆಡುವುದರಿಂದ ಫಲಕದಲ್ಲಿ ಸ್ಟೆರ್ಜಿಂಗ್ ಎಂಬ ಹೆಸರೂ ಇರುತ್ತದೆ. ಇಲ್ಲಿ ಹಣ ಕೇಳುವುದಿಲ್ಲ, ಚೀಟಿ ಕೊಡುತ್ತಾರೆ. ಕೊಡುವುದು ಮನುಷ್ಯರಲ್ಲ, ಯಂತ್ರ. ಯಂತ್ರ ಎಡಗಡೆಗಿರುತ್ತದೆ, ನಿಮ್ಮ ಕಾರಿನ ಸ್ಟಿಯರಿಂಗ್ ಸಹ ಎಡಗಡೆಯೇ ಇರುತ್ತದೆ. ಬಲಗಡೆ ಕುಳಿತು ಓಡಿಸಿ ರೂಢಿಯಾದ ನಮಗೆ ಎಡಬದಿಯ ಅಂತರದ ಅಂದಾಜು ಕೂಡಲೇ ಸಿಗುವುದಿಲ್ಲ. ಗೋಡೆಗೆ ತಾಗೀತೆಂಬ ಭಯದಲ್ಲಿ ಎರಡು ಮೊಳ ದೂರ ನಿಲ್ಲಿಸಿ, ಕೈ ಎಟುಕದೆ, ಬೆಲ್ಟ್ ಬಿಚ್ಚಿ ಬಾಗಿಲು ತೆರೆಯಲು ಹೋಗಿ, ಆ ಇಕ್ಕಟ್ಟಿನಲ್ಲಿ ಬಾಗಿಲೂ ತೆರೆಯದೆ ಪರದಾಡಿದವರನ್ನು ನಾನು ನೋಡಿದ್ದೇನೆ. ನಿಧಾನವಾಗಿ, ಗೇಣಗಲಕ್ಕೆ ಹತ್ತಿರ ತಂದು ನಿಲ್ಲಿಸಿ. ಚೀಟಿ ತಾನಾಗಿ ಹೊರಬರದಿದ್ದರೆ ಕೆಂಪು ಗುಂಡಿ ಒತ್ತಿ. ಚೀಟಿ ಎಳೆದುಕೊಂಡ ಮೇಲೆ ಅಡ್ಡಗೋಲು ಏಳುತ್ತದೆ. ಆ ಚೀಟಿಯನ್ನು ತಲೆಯ ಮೇಲಿನ ಬಿಸಿಲುಮರೆಗೆ ಸಿಕ್ಕಿಸಿ ಇಡಿ. ನೀವು ಎಲ್ಲಿ ಹತ್ತಿದಿರಿ ಎಂಬುದಕ್ಕೆ ಅದೊಂದೇ ಪುರಾವೆ. ಕಳೆದುಹೋದರೆ ಅತಿ ದೂರದ ಪ್ರವೇಶದ್ವಾರದಿಂದ ಬಂದಿದ್ದೀರೆಂದು ಲೆಕ್ಕ ಹಾಕಿ ಹಣ ಕೇಳುತ್ತಾರೆ.

ವೆರೋನಾದಲ್ಲಿ ಹೆದ್ದಾರಿಯಿಂದ ಇಳಿಯುವಾಗ ಆ ಚೀಟಿಯನ್ನು ಮರಳಿಸಿ ಹಣ ಕೊಡಬೇಕು. ಇಲ್ಲಿ ಸಾಲು ಆರಿಸಿಕೊಳ್ಳುವುದು ಮುಖ್ಯ. ಹಳದಿ ಬಣ್ಣದಲ್ಲಿ ‘ಟೆಲಿಪಾಸ್’ ಎಂದಷ್ಟೇ ಬರೆದ ಸಾಲು ನಾನು ಮೊದಲು ಹೇಳಿದ ಚಂದಾದ ಪೆಟ್ಟಿಗೆ ಇರುವವರಿಗೆ ಮಾತ್ರ; ಅದಕ್ಕೆ ನುಗ್ಗಬೇಡಿ. ನೀಲಿ ಫಲಕದಲ್ಲಿ ‘ಕಾರ್ತೆ’ ಎಂದಿದ್ದರೆ ಕಾರ್ಡ್‌ನವರಿಗೆ. ಬಿಳಿ ಫಲಕದಲ್ಲಿ ಕೈ ಮತ್ತು ನಾಣ್ಯಗಳ ಚಿತ್ರವಿದ್ದರೆ ನಗದು ನಡೆಯುತ್ತದೆ. ಮೊದಲ ಸಲ ಹೋಗುವವರಿಗೆ ಬಿಳಿ ಫಲಕದ ಸಾಲೇ ಕ್ಷೇಮ. ಮೊದಲು ಚೀಟಿ ತೂರಿಸಿ, ಪರದೆಯ ಮೇಲೆ ಮೊತ್ತ ಮೂಡುವವರೆಗೆ ಕಾಯಿರಿ, ಆಮೇಲೆ ಹಣವೋ ಕಾರ್ಡೋ ಕೊಡಿ.

ಅಕಸ್ಮಾತ್ ಹಳದಿ ಸಾಲಿಗೆ ಹೋಗಿಬಿಟ್ಟರೆ ಯಾವ ಕಾರಣಕ್ಕೂ ರಿವರ್ಸ್ ತೆಗೆಯಬೇಡಿ. ಇಟಲಿಯ ಹೆದ್ದಾರಿಯಲ್ಲಿ ಅದು ಭಾರಿ ದಂಡದ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಹಿಂದಿನಿಂದ ಬರುವವರು ಅಲ್ಲಿ ನಿಲ್ಲುವ ಅಂದಾಜಿನಲ್ಲಿ ಇರುವುದಿಲ್ಲ. ಯಂತ್ರದ ಮೇಲಿನ ಸಹಾಯದ ಗುಂಡಿ ಒತ್ತಿ ಕಾಯಿರಿ. ಕಾರ್ಡ್ ನಡೆಯದೆ, ಕೈಯಲ್ಲಿ ನಗದೂ ಇಲ್ಲದೆ ನಿಂತಾಗಲೂ ಮಾಡಬೇಕಾದದ್ದು ಅದನ್ನೇ. ನಮ್ಮ ಭಾಷೆಯಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ಆದರೆ ಇಟಲಿಯವರು ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಮಾಡಿದ್ದಾರೆ. ಹಣ ಸಂದಾಯವಾಗಲಿಲ್ಲ ಎಂಬ ಒಕ್ಕಣೆಯ, ಕಾರಿನ ನಂಬರ್ ಇರುವ ಚೀಟಿಯೊಂದನ್ನು ಯಂತ್ರವೇ ಮುದ್ರಿಸಿ ಕೊಟ್ಟು ಅಡ್ಡಗೋಲು ಎತ್ತುತ್ತದೆ. ಹದಿನೈದು ದಿನಗಳೊಳಗೆ ಜಾಲತಾಣದಲ್ಲಿ ಕಟ್ಟಿದರೆ ಹೆಚ್ಚುವರಿ ಏನೂ ಬೀಳುವುದಿಲ್ಲ. ನನಗೊಮ್ಮೆ ರಾತ್ರಿ ಹತ್ತು ಗಂಟೆಗೆ, ಹಿಂದೆ ಲಾರಿಗಳು ನಿಂತಿರುವಾಗ, ಬೆಂಗಳೂರಿನ ಬ್ಯಾಂಕ್ ಕಾರ್ಡೊಂದು ಕೈಕೊಟ್ಟು ಈ ಚೀಟಿ ಸಿಕ್ಕಿತ್ತು. ಮರುದಿನ ಹೋಟೆಲಿನಲ್ಲಿ ಕುಳಿತು ಬೇರೆ ಕಾರ್ಡಿನಿಂದ ಕಟ್ಟಿದೆ, ಅಲ್ಲಿಗೆ ಮುಗಿಯಿತು. ಚೀಟಿಯ ಶಾಯಿ ಬೇಗ ಮಾಸುತ್ತದೆ, ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಕಾರ್ಡಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ, ಹೊಸದಾಗಿ ಕೊಟ್ಟ ಅಥವಾ ಬದಲಿಸಿಕೊಟ್ಟ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ತೆರೆದಿರುವುದಿಲ್ಲ, ನಾವೇ ತೆರೆಯಬೇಕು. ಅಂಗಡಿಯ ಯಂತ್ರದಲ್ಲಿನ ಬಳಕೆಗೂ ಆನ್‌ಲೈನ್ ಬಳಕೆಗೂ ಬ್ಯಾಂಕಿನ ಆ್ಯಪ್‌ನಲ್ಲಿ ಬೇರೆ ಬೇರೆ ಗುಂಡಿಗಳಿರುತ್ತವೆ, ಎರಡನ್ನೂ ಶಿವಮೊಗ್ಗದಲ್ಲಿರುವಾಗಲೇ ಹಾಕಿಕೊಳ್ಳಿ. ವಿನ್ಯೆಟ್ ಕೊಳ್ಳುವಾಗ ಒಟಿಪಿ ನಿಮ್ಮ ಭಾರತೀಯ ನಂಬರಿಗೇ ಬರುವುದರಿಂದ, ಆ ಸಿಮ್ ರೋಮಿಂಗ್‌ನಲ್ಲಿ ಚಾಲ್ತಿಯಲ್ಲಿರಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡುಗಳು ಎರಡಿರಲಿ, ಬೇರೆ ಬೇರೆ ಬ್ಯಾಂಕಿನವಾಗಿದ್ದರೆ ಇನ್ನೂ ಒಳ್ಳೆಯದು, ಪಿನ್ ನೆನಪಿರಲಿ. ಐವತ್ತು ಯೂರೋಗಳಷ್ಟು ನಗದನ್ನು ಹತ್ತು, ಇಪ್ಪತ್ತರ ನೋಟುಗಳಲ್ಲಿ ಮತ್ತು ಒಂದಿಷ್ಟು ಚಿಲ್ಲರೆಯಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಮಿಲಾನ್‌ನಿಂದ ಸ್ವಿಸ್ ಗಡಿಯ ಕಡೆಗೆ ಎ8 ಮತ್ತು ಎ9ರಲ್ಲಿ ಚೀಟಿಯ ಪದ್ಧತಿ ಇಲ್ಲ. ಕೊಮೊ ಸರೋವರದ ಹತ್ತಿರ ಗ್ರಾಂದಾತೆ ಮೊದಲಾದ ಕಟ್ಟೆಗಳಲ್ಲಿ ನಿಗದಿತ ಮೊತ್ತ ಕೊಟ್ಟು ಮುಂದೆ ಹೋಗಬೇಕು. ನಾನು ಆರಂಭದಲ್ಲಿ ಹೇಳಿದ ಗೇಟಿಲ್ಲದ ರಸ್ತೆ ಇರುವುದು ಇಲ್ಲೇ. ಮಿಲಾನ್‌ನ ಉತ್ತರಕ್ಕೆ ಹಾದುಹೋಗುವ ಪೆದೆಮೊಂತಾನಾ ಎಂಬ ಎ36 ಹೆದ್ದಾರಿಯಲ್ಲಿ, ಹಾಗೆಯೇ ಕೊಮೊ ಮತ್ತು ವರೇಸೆ ಪಟ್ಟಣಗಳ ಹೊರವರ್ತುಲಗಳಾದ ಎ59, ಎ60ರಲ್ಲಿ, ಒಂದು ಕಟ್ಟೆಯೂ ಇಲ್ಲ. ಮೇಲೆ ಕಮಾನಿನಂತೆ ಕಟ್ಟಿದ ಚೌಕಟ್ಟಿನಲ್ಲಿ ಕ್ಯಾಮೆರಾಗಳಿವೆ, ಅಷ್ಟೇ. ಅದರಡಿ ಹಾದುಹೋದವರು ತಾವಾಗಿಯೇ ಹದಿನೈದು ದಿನಗಳಲ್ಲಿ ಪೆದೆಮೊಂತಾನಾದ ಜಾಲತಾಣಕ್ಕೆ ಹೋಗಿ ನಂಬರ್ ಕೊಟ್ಟು ಹಣ ಕಟ್ಟಬೇಕು. ದಾರಿ ತೋರಿಸುವ ಆ್ಯಪ್ ದಟ್ಟಣೆ ತಪ್ಪಿಸಲು ಈ ರಸ್ತೆಗೆ ನಿಮ್ಮನ್ನು ಹೊರಳಿಸಬಹುದು. ಆದ್ದರಿಂದ ಪಕ್ಕದಲ್ಲಿ ಕುಳಿತವರು ಹಸಿರು ಫಲಕದಲ್ಲಿ ರಸ್ತೆಯ ಸಂಖ್ಯೆ ಏನಿದೆ ಎಂದು ನೋಡುತ್ತಿರಲಿ, ಈ ಮೂರರಲ್ಲಿ ಯಾವುದಾದರೂ ಕಂಡರೆ ದಿನಾಂಕ ಬರೆದಿಟ್ಟುಕೊಳ್ಳಲಿ. ಮೊತ್ತ ಕೆಲವೇ ಯೂರೋ. ಆದರೆ ಕಟ್ಟದೆ ಬಿಟ್ಟರೆ ನೋಟಿಸ್ ಬಾಡಿಗೆ ಕಂಪನಿಗೆ ಹೋಗುತ್ತದೆ. ಕಂಪನಿ ನಿಮ್ಮ ವಿಳಾಸ ಕೊಟ್ಟಿದ್ದಕ್ಕೆ ತನ್ನದೇ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ಮೊದಲು ಕಡಿದುಕೊಳ್ಳುತ್ತದೆ, ಮೂಲ ಸುಂಕ ಆಗಲೂ ಬಾಕಿಯೇ ಇರುತ್ತದೆ. ನನ್ನ ಪರಿಚಿತ ಕುಟುಂಬವೊಂದಕ್ಕೆ ಆರು ಯೂರೋ ಸುಂಕದ ವಿಷಯದಲ್ಲಿ ಅದರ ಹಲವು ಪಟ್ಟು ಹೀಗೆಯೇ ಹೋಯಿತು.

ಫ್ರಾನ್ಸ್‌ಗೆ ಹೋಗುವ ಓದುಗರೂ ಇದನ್ನು ಗಮನಿಸಬೇಕು. ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋಗುವ ಎ13 ಮತ್ತು ಎ14ರಲ್ಲಿ 2024ರಲ್ಲಿ ಕಟ್ಟೆಗಳನ್ನು ತೆಗೆದುಹಾಕಿದ್ದಾರೆ. ಅಲ್ಲಿ ಗಡುವು 72 ಗಂಟೆ ಮಾತ್ರ. ಇಂಗ್ಲೆಂಡಿನಲ್ಲಿ ಲಂಡನ್‌ನ ಪೂರ್ವಕ್ಕೆ ಥೇಮ್ಸ್ ದಾಟುವ ಡಾರ್ಟ್‌ಫರ್ಡ್‌ನಲ್ಲಿ ಇನ್ನೂ ಬಿಗಿ: ಮರುದಿನದ ಮಧ್ಯರಾತ್ರಿಯೊಳಗೆ ಕಟ್ಟಬೇಕು.

ಚಿಯಾಸೊದಲ್ಲಿ ಸ್ವಿಟ್ಜರ್ಲೆಂಡ್ ಪ್ರವೇಶಿಸುವ ಮೊದಲು ವಿನ್ಯೆಟ್ ಕೈಯಲ್ಲಿರಬೇಕು. ಬೆಲೆ 40 ಫ್ರಾಂಕ್. 1995ರಿಂದ ಅದು ಬದಲಾಗಿಲ್ಲ. ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರವರೆಗೆ, ಒಟ್ಟು ಹದಿನಾಲ್ಕು ತಿಂಗಳು, ಅದು ನಡೆಯುತ್ತದೆ. ಡಿಜಿಟಲ್ ರೂಪ 2023ರ ಆಗಸ್ಟ್‌ನಲ್ಲಿ ಬಂದಿತು. ಸ್ಟಿಕರ್ ಕೊಂಡರೆ ಗಾಜಿಗೆ ಅಂಟಿಸಲೇಬೇಕು, ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಅದು ಪಾಸೇ ಅಲ್ಲ. ಎರಡು ದಿನಕ್ಕೆ ವರ್ಷದ ಹಣವೇ ಎಂದು ಬೇಸರವಾಗುವುದು ಸಹಜ. ಆದರೆ 16.9 ಕಿಲೋಮೀಟರ್ ಉದ್ದದ ಗೊತಾರ್ಡ್ ಸುರಂಗಕ್ಕೂ ಅದರಲ್ಲಿಯೇ ಪ್ರವೇಶ ಸಿಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ, ಬೆಲೆ ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಗ್ರೇಟ್ ಸೇಂಟ್ ಬರ್ನಾರ್ಡ್‌ನಂಥ ಕೆಲವು ಸುರಂಗಗಳಿಗೆ ಬೇರೆ ಹಣ, ಅವು ನಿಮ್ಮ ದಾರಿಯಲ್ಲಿಲ್ಲ. ಪಾಸ್ ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಜೊತೆಗೆ ಪಾಸಿನ ಹಣ. ಜಿನೀವಾ ವಿಮಾನ ನಿಲ್ದಾಣದಲ್ಲಿ ಕಾರು ಪಡೆಯುವವರು, ಫ್ರೆಂಚ್ ಭಾಗದ ಕೌಂಟರಿನ ಕಾರಿಗೆ ಸ್ವಿಸ್ ಪಾಸ್ ಇದೆಯೆಂದು ಊಹಿಸಬಾರದು.

ಜ್ಯೂರಿಕ್, ಸೇಂಟ್ ಗಾಲೆನ್ ದಾಟಿ ಸೇಂಟ್ ಮಾರ್ಗ್ರೇತೆನ್‌ನಲ್ಲಿ ಗಡಿ ದಾಟಿದಾಗ ಮತ್ತೆ ಆಸ್ಟ್ರಿಯಾದ ಒಂದು ತುಂಡು ಸಿಗುತ್ತದೆ. ಹೊಹೆನೆಮ್ಸ್‌ನಿಂದ ಹೋರ್ಬ್ರಾನ್ಸ್‌ವರೆಗಿನ ಎ14 ಭಾಗಕ್ಕೆ ವಿನ್ಯೆಟ್ ಬೇಕಿಲ್ಲ. ಅಲ್ಲಿಂದ ಮುಂದೆ ಜರ್ಮನಿ. ಇಡೀ ಸುತ್ತಿಗೆ, ಇಟಲಿಯ ಗೇಟುಗಳಿಗೆ ಮೂವತ್ತರಿಂದ ನಲವತ್ತು ಯೂರೋ ಎಂದಿಟ್ಟುಕೊಂಡರೆ, ಒಟ್ಟು ನೂರು ಯೂರೋಗಳ ಆಸುಪಾಸಿನಲ್ಲಿ ನಿಮ್ಮ ಸುಂಕ ಮುಗಿಯಬೇಕು. ಕಾರು ಪಡೆಯುವಾಗ ಈ ಮೂರು ದೇಶಗಳ ಹೆಸರು ಹೇಳಿ, ಗಡಿ ದಾಟಲು ಅನುಮತಿಯನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.

ಕಟ್ಟುವುದು ತಪ್ಪಿಹೋದರೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ‘ನಾವು ಭಾರತಕ್ಕೆ ಹೋಗಿಬಿಟ್ಟರೆ ಯಾರು ಹುಡುಕಿಕೊಂಡು ಬರುತ್ತಾರೆ’ ಎಂಬ ಮಾತನ್ನು ನಂಬಬೇಡಿ. ಸುಂಕ ಕಟ್ಟದ ವಾಹನದ ಮಾಲೀಕರ ವಿವರವನ್ನು ಒಂದು ದೇಶ ಇನ್ನೊಂದರಿಂದ ಪಡೆಯಲು 2019ರ ಯೂರೋಪಿಯನ್ ಒಕ್ಕೂಟದ ನಿರ್ದೇಶನ ಅವಕಾಶ ಕೊಟ್ಟಿದೆ. ಆ ಮಾಲೀಕ ಎಂದರೆ ಜರ್ಮನಿಯ ಬಾಡಿಗೆ ಕಂಪನಿ. ಅದರ ಬಳಿ ನಿಮ್ಮ ಕಾರ್ಡ್ ಇದೆ. ಆಸ್ಟ್ರಿಯಾದಲ್ಲಿ ಪಾಸ್ ಇಲ್ಲದ ಕಾರಿಗೆ ವಿಧಿಸುವ ಬದಲಿ ಸುಂಕ 120 ಯೂರೋ ಅಥವಾ ಅದಕ್ಕೂ ಹೆಚ್ಚು, ಮತ್ತು ಅದನ್ನು ಗಡುವಿನೊಳಗೆ ಕಟ್ಟದಿದ್ದರೆ ದಂಡದ ಮೊಕದ್ದಮೆಯಾಗಿ ಬೆಳೆಯುತ್ತದೆ. ಇಂಥ ಪತ್ರ ಎಷ್ಟೋ ತಿಂಗಳ ನಂತರವೂ ಬರಬಹುದು. ಹಾಗೆ ಬಂದಾಗ ನಿಮ್ಮ ಬಳಿ ವಿನ್ಯೆಟ್‌ನ ಇಮೇಲ್, ಗೇಟಿನ ರಸೀದಿಗಳು, ಕಾರ್ಡಿನ ಲೆಕ್ಕಪಟ್ಟಿ ಇದ್ದರೆ ಒಂದು ಉತ್ತರದಲ್ಲಿ ವಿಷಯ ಮುಗಿಯುತ್ತದೆ. ಅವನ್ನೆಲ್ಲ ಫೋನಿನಲ್ಲಿ ಒಂದೇ ಕಡೆ ಸೇರಿಸಿ, ಊರಿಗೆ ಮರಳಿದ ಮೇಲೂ ಒಂದು ವರ್ಷ ಅಳಿಸದೆ ಇಡಿ.